ಅಲ್ಪವಿರಾಮದ ಪರವಾಗಿ

ಹೋದ ತಿಂಗಳು ಒಂದು ವಿಚಾರ ಸಂಕಿರಣಕ್ಕೆ ಹೋಗಿದ್ದೆ. ವಿಷಯ ಜಾನಪದ ಪದಸಂಗ್ರಹ. ನನ್ನ ಸರದಿ ಬಂದಾಗ, ಸಂಗ್ರಹಿಸಿದ ಪದಗಳನ್ನು ಸಿಎಸ್‌ವಿ ಫೈಲಿನಲ್ಲಿ ಇಡಬೇಕು, ಅದಕ್ಕೆ ಪೈಥಾನಿನ ಹತ್ತು ಸಾಲು ಕನ್ನಡ ಎಂ.ಎ. ವಿದ್ಯಾರ್ಥಿಗೂ ಗೊತ್ತಿರಬೇಕು ಎಂದೆ. ಊಟದ ಹೊತ್ತಿಗೆ ಹಿರಿಯ ಪ್ರಾಧ್ಯಾಪಕರೊಬ್ಬರು ಹತ್ತಿರ ಕರೆದು ನಗುತ್ತಲೇ ಹೇಳಿದರು: "ನೋಡಪ್ಪಾ, ನಾವು ಶಬ್ದದ ಅರ್ಥ ಹುಡುಕೋರು. ಕಾಮಾ ಎಣಿಸೋ ಕೆಲಸಕ್ಕೆ ಬೇರೆ ಜನ ಇದ್ದಾರೆ. ಅದನ್ನ ಕಂಪ್ಯೂಟರ್ ಹುಡುಗರಿಗೆ ಬಿಡು." ಸುತ್ತಲಿದ್ದವರೆಲ್ಲ ನಕ್ಕರು. ಅನ್ನದ ತಟ್ಟೆ ಕೈಯಲ್ಲಿದ್ದುದರಿಂದ ನಾನೂ ನಕ್ಕೆ. ಆಗ ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪಿನ ಕಥೆ. 2017ರಲ್ಲಿ ನಾನು ಎಂ.ಎ. ಎರಡನೇ ವರ್ಷದಲ್ಲಿದ್ದೆ. ಕಿರುಪ್ರಬಂಧಕ್ಕಾಗಿ ಸಾಗರದ ಸುತ್ತಿನ ಅಡಿಕೆ ತೋಟಗಳ ಪದಗಳನ್ನು ಕೂಡಿಸಲು ಹೊರಟೆ. ತೋಟದ ನಡುವಿನ ಕಾದಿಗೆ, ಮಳೆಗೆ ಮುಂಚೆ ಕೊನೆಗಳಿಗೆ ಕಟ್ಟುವ ಕರಡದ ಕೊಟ್ಟೆ, ದೋಟಿ, ಹಾಳೆ, ಅಡಿಕೆ ಬೇಯಿಸಿದ ನೀರಾದ ಚೊಗರು, ಸುಲಿಯುವ ಮೆಟ್ಟುಗತ್ತಿ, ಮಂಡಿಯಲ್ಲಿ ಬೇರೆಬೇರೆ ದರ ಬೀಳುವ ರಾಶಿ, ಬೆಟ್ಟೆ, ಗೊರಬಲು ಹೀಗೆ. ಇವು ಹೊರಗಿನವರಿಗೂ ಅಷ್ಟಿಷ್ಟು ಗೊತ್ತಿರುವವು. ಇವುಗಳ ಹಿಂದೆ ಗೊತ್ತಿಲ್ಲದ ನೂರಾರು ಇದ್ದವು: ಮರಕ್ಕೆ ಹತ್ತುವಾಗ ಕಾಲಿಗೆ ಹಾಕುವ ಬಳೆಯ ಗಂಟಿನ ಬಗೆಗಳು, ಕೊನೆ ಹಗ್ಗದಲ್ಲಿ ಜಾರಿ ಬರುವಾಗ ಮೇಲಿದ್ದವನು ಕೂಗುವ ಕೂಗು, ಕೊಳೆ ತಗುಲಿದ ಕಾಯಿಯ ಮೊದಲ ದಿನದ ಬಣ್ಣಕ್ಕೊಂದು ಹೆಸರು, ಮೂರನೇ ದಿನದ ಬಣ್ಣಕ್ಕೆ ಇನ್ನೊಂದು. ಇವನ್ನೆಲ್ಲ ನನಗೆ ಹೇಳಿದ್ದು ನಲವತ್ತು ವರ್ಷ ಕೊನೆ ಕೊಯ್ದ ಒಬ್ಬ ಕೊನೆಗಾರರು, ಮತ್ತೆ ನನ್ನ ಸೋದರಮಾವ. ಎರಡು ಬೇಸಿಗೆ ರಜೆ ಕಳೆಯುವಷ್ಟರಲ್ಲಿ 1,140 ಪದಗಳಾದವು.

ಅವನ್ನು ಒಂದು ಸ್ಪ್ರೆಡ್‌ಶೀಟಿನಲ್ಲಿ ಹಾಕಿದ್ದೆ. ಕಚೇರಿಯೊಂದರಿಂದ "ಸಿಎಸ್‌ವಿ ರೂಪದಲ್ಲಿ ಕಳಿಸಿ" ಎಂದು ಮಿಂಚಂಚೆ ಬಂತು. ಸ್ನೇಹಿತನ ಕಂಪ್ಯೂಟರಿನಲ್ಲಿ ಕೂತು 'ಸೇವ್ ಆ್ಯಸ್' ಒತ್ತಿ, ಪಟ್ಟಿಯಲ್ಲಿ ಮೊದಲು ಕಂಡ ಸಿಎಸ್‌ವಿಯನ್ನು ಆರಿಸಿದೆ. ಏನೋ ಎಚ್ಚರಿಕೆ ಬಂತು. ಓದದೆ 'ಯೆಸ್' ಎಂದೆ. ಕಳಿಸಿದೆ. ಪೆನ್‌ಡ್ರೈವಿನಲ್ಲಿ ಅದನ್ನೇ ಇಟ್ಟುಕೊಂಡೆ. ಆ ಕಚೇರಿಯವರು ಫೈಲನ್ನು ತೆರೆದೇ ನೋಡಲಿಲ್ಲ, ನಾನೂ ನೋಡಲಿಲ್ಲ. ಎಂಟು ತಿಂಗಳ ಮೇಲೆ, ಸ್ನೇಹಿತನ ಕಂಪ್ಯೂಟರ್ ಫಾರ್ಮ್ಯಾಟ್ ಆಗಿ ಮೂಲ ಫೈಲು ಹೋದ ನಂತರ, ಪೆನ್‌ಡ್ರೈವಿನದನ್ನು ತೆರೆದರೆ ಉದ್ದಕ್ಕೂ ಪ್ರಶ್ನಾರ್ಥಕ ಚಿಹ್ನೆಗಳು. ಕ್ರಮಸಂಖ್ಯೆ ಉಳಿದಿತ್ತು, ದಿನಾಂಕ ಉಳಿದಿತ್ತು. ಕನ್ನಡದ ಒಂದಕ್ಷರವೂ ಉಳಿದಿರಲಿಲ್ಲ.

ಇಲ್ಲಿ ನಡೆದದ್ದೇನು ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಅದು ಗೊತ್ತಾಗದೆ ಈ ಜಗಳಕ್ಕೆ ಅರ್ಥವಿಲ್ಲ.

ಯೂನಿಕೋಡಿನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೆ, ಪ್ರತಿ ಕಾಗುಣಿತ ಚಿಹ್ನೆಗೆ ಒಂದೊಂದು ಸಂಖ್ಯೆ ಇದೆ. ಆ ಸಂಖ್ಯೆಯನ್ನು ಯುಟಿಎಫ್-8 ಎಂಬ ಕ್ರಮದಲ್ಲಿ ಫೈಲಿಗೆ ಬರೆದರೆ ಒಂದೊಂದೂ ಮೂರು ಬೈಟ್ ಆಗುತ್ತದೆ. ಇದನ್ನು ಪಶ್ಚಿಮ ಯುರೋಪಿನ ಭಾಷೆಗಳಿಗಾಗಿ ಮಾಡಿದ ಹಳೆಯ ಕ್ರಮವೊಂದು ತಪ್ಪಾಗಿ ಓದಿತು ಎನ್ನಿ. ಆಗ ತಲೆಯ ಮೇಲೆ ಓರೆಗೀಟಿರುವ ಇಂಗ್ಲಿಷಿನ ಸಣ್ಣ 'ಎ', ಅದರ ಪಕ್ಕದಲ್ಲಿ ಮೇಲಕ್ಕೇರಿದ ಪುಟ್ಟ ಎರಡು, ಮತ್ತೆ ಅದೇ 'ಎ', ಮತ್ತೆ ಅದೇ ಎರಡು ಕಾಣುತ್ತವೆ. ನೀವೂ ಎಲ್ಲೋ ನೋಡಿರುತ್ತೀರಿ. ಅದು ಕಂಡರೆ ಹೆದರಬೇಡಿ. ಬೈಟುಗಳು ಹಾಗೇ ಇವೆ, ಓದಿದ ಕ್ರಮ ತಪ್ಪಿದೆ ಅಷ್ಟೆ. ಸರಿಯಾದ ಕ್ರಮ ಹೇಳಿ ಓದಿಸಿದರೆ ಕನ್ನಡ ಮರಳಿ ಬರುತ್ತದೆ.

ಆದರೆ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಹೆದರಬೇಕು. ಕನ್ನಡಕ್ಕೆ ಜಾಗವೇ ಇಲ್ಲದ ಆ ಹಳೆಯ ಕ್ರಮದಲ್ಲಿ ಕನ್ನಡವನ್ನು ಬರೆಯಲು ಹೊರಟ ಪ್ರೋಗ್ರಾಮು, ತನಗೆ ಬರೆಯಲಾಗದ ಪ್ರತಿಯೊಂದು ಚಿಹ್ನೆಯ ಜಾಗದಲ್ಲಿ ಒಂದು ಪ್ರಶ್ನಾರ್ಥಕವನ್ನು ಇಟ್ಟಿರುತ್ತದೆ. 'ಕೊಟ್ಟೆ' ಎಂಬಲ್ಲಿ ಆರು. 'ಚೊಗರು' ಎಂಬಲ್ಲಿ ಐದು. 'ದೋಟಿ' ಎಂಬಲ್ಲಿ ನಾಲ್ಕು, 'ಹಾಳೆ' ಎಂಬಲ್ಲೂ ನಾಲ್ಕು. ಯಾವ ನಾಲ್ಕು ದೋಟಿ, ಯಾವ ನಾಲ್ಕು ಹಾಳೆ ಎಂದು ಯಾವ ತಂತ್ರಜ್ಞನೂ ಹೇಳಲಾರ. ನನ್ನ ಫೈಲಿನ ಗತಿ ಇದೇ ಆಗಿತ್ತು.

ನೋಟುಬುಕ್ಕುಗಳಿಂದ ಸುಮಾರು 700 ಪದಗಳನ್ನು ಮತ್ತೆ ಎತ್ತಿಕೊಂಡೆ. ಉಳಿದವು ನೇರವಾಗಿ ಟೈಪು ಮಾಡಿದಂಥವು. ಮಾವನ ಹತ್ತಿರ ಹೋದೆ. "ಮತ್ತೆ ಹೇಳ್ಬೇಕಾ ತಮಾ? ಕಂಪ್ಯೂಟರಲ್ಲಿ ಇಟ್ಟಾಗಿದೆ, ಇನ್ನು ಹೋಗೂದಿಲ್ಲ ಅಂದಿದ್ಯಲ್ಲ" ಎಂದರು. ನೆನಪಾದಷ್ಟು ಹೇಳಿದರು. ಕೊನೆಗಾರರು ಆ ಮಳೆಗಾಲದಲ್ಲೇ ತೀರಿಕೊಂಡಿದ್ದರು. ಕೊಳೆ ಕಾಯಿಯ ಮೂರನೇ ದಿನದ ಬಣ್ಣದ ಹೆಸರು ಮಾವನಿಗೂ ಗೊತ್ತಿರಲಿಲ್ಲ. ಈಗ ನನ್ನ ಪಟ್ಟಿಯಲ್ಲಿ ಆ ಸಾಲು ಹಾಗೇ ಖಾಲಿ ಇದೆ.

ಆದ್ದರಿಂದ ಹಿರಿಯರೇ, ಇದು ಕಂಪ್ಯೂಟರ್ ಹುಡುಗರ ಕೆಲಸವಲ್ಲ. ಅವರಿಗೆ ಆ ಪದ ಏನೆಂದೇ ಗೊತ್ತಿರುವುದಿಲ್ಲ, ಹೋದರೆ ಹೋಯಿತೆಂದು ತಿಳಿಯುವುದೂ ಇಲ್ಲ. ಕಳೆದುಕೊಂಡವನು ನಾನು, ಕಾಯಬೇಕಾದವನೂ ನಾನೇ.

ಕಾಮಾ ಎಣಿಸುವುದು ಕನ್ನಡ ವಿದ್ವತ್ತಿಗೆ ಹೊಸದೇನೂ ಅಲ್ಲ. ಓಲೆಗರಿಯಲ್ಲಿ ಪದಗಳ ನಡುವೆ ತೆರಪಿಲ್ಲ, ವಿರಾಮ ಚಿಹ್ನೆಯಿಲ್ಲ. ಒಂದು ಪದ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂದು ತಿಳಿಯಲು ನಮ್ಮ ವಿದ್ವಾಂಸರು ಆಯುಷ್ಯ ಸವೆಸಿದರು. ಲಿಪಿಕಾರ ಎಲ್ಲಿ ಕಣ್ತಪ್ಪಿದ, ಎಲ್ಲಿ ಸಾಲು ಹಾರಿಸಿದ, ಎಲ್ಲಿ ತನಗೆ ತಿಳಿಯದ್ದನ್ನು ತಿಳಿದದ್ದಾಗಿ ತಿದ್ದಿದ ಎಂಬ ವಿವೇಚನೆಗೆ ಗ್ರಂಥಸಂಪಾದನೆ ಎಂದು ಹೆಸರಿಟ್ಟು ಪಾಠ ಮಾಡುತ್ತೇವೆ. ಡಿ.ಎಲ್. ನರಸಿಂಹಾಚಾರ್ಯರ ಪುಸ್ತಕವನ್ನು ಪಠ್ಯವಾಗಿ ಓದಿಸುತ್ತೇವೆ. ಇಂದಿನ ಲಿಪಿಕಾರ ಸ್ಪ್ರೆಡ್‌ಶೀಟು. ಅದೂ ಸಾಲು ಹಾರಿಸುತ್ತದೆ, ಅದೂ ತನಗೆ ತಿಳಿಯದ್ದನ್ನು ತಿದ್ದುತ್ತದೆ. ಹಳೆಯ ಲಿಪಿಕಾರನ ಸ್ಖಾಲಿತ್ಯಕ್ಕೆ ಅಡಿಟಿಪ್ಪಣಿ ಬರೆಯುವ ನಾವು ಹೊಸಬನ ಕೈಗೆ ಗಂಟನ್ನು ಕೊಟ್ಟು ಮಲಗುತ್ತೇವೆ.

ತಿದ್ದುವುದು ಹೇಗೆಂದು ನೋಡಿ. ಪಂಪಭಾರತದ ಪದ್ಯಗಳನ್ನು ಆಶ್ವಾಸ-ಪದ್ಯ ಎಂಬ ಕ್ರಮದಲ್ಲಿ ಗುರುತಿಸುವುದು ವಾಡಿಕೆ. ಒಂದನೇ ಆಶ್ವಾಸದ ಹನ್ನೆರಡನೇ ಪದ್ಯ ಎಂದರೆ 1-12. ಇದನ್ನು ಸ್ಪ್ರೆಡ್‌ಶೀಟಿನಲ್ಲಿ ಟೈಪು ಮಾಡಿದರೆ ಅದು ದಿನಾಂಕವಾಗಿಬಿಡುತ್ತದೆ. ಕಂಪ್ಯೂಟರಿನ ದೇಶ ಯಾವುದೆಂದು ಆರಿಸಿದ್ದೀರಿ ಎಂಬುದರ ಮೇಲೆ ಡಿಸೆಂಬರ್ ಒಂದೋ ಜನವರಿ ಹನ್ನೆರಡೋ ಆಗುತ್ತದೆ. 13-45 ಎಂಬುದು ಮಾತ್ರ ಹಾಗೇ ಉಳಿಯುತ್ತದೆ, ಏಕೆಂದರೆ ಹದಿಮೂರನೇ ತಿಂಗಳಿಲ್ಲ. ಎಲ್ಲವೂ ಕೆಟ್ಟಿದ್ದರೆ ಕಣ್ಣಿಗೆ ಬೀಳುತ್ತಿತ್ತು. ಅರ್ಧ ಕೆಟ್ಟು ಅರ್ಧ ಉಳಿಯುವುದರಿಂದ ಕೆಟ್ಟದ್ದು ಅಚ್ಚಾಗುವವರೆಗೂ ತಿಳಿಯುವುದಿಲ್ಲ.

ಇದು ಕನ್ನಡದವರ ಗೋಳು ಮಾತ್ರ ಅಲ್ಲ. ಜೀವವಿಜ್ಞಾನದ ವಂಶವಾಹಿಗಳಲ್ಲಿ ಕೆಲವಕ್ಕೆ ಮಾರ್ಚ್1, ಸೆಪ್ಟ್1 ಎಂಬಂಥ ಹೆಸರುಗಳಿದ್ದವು. ಎಕ್ಸೆಲ್ ಇವನ್ನು ತಾರೀಖು ಮಾಡಿತು. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಎಕ್ಸೆಲ್ ರೂಪದ ವಂಶವಾಹಿ ಪಟ್ಟಿಗಳನ್ನು ಜೊತೆಗಿಟ್ಟ ಸಂಶೋಧನ ಲೇಖನಗಳಲ್ಲಿ ಸುಮಾರು ಐದರಲ್ಲೊಂದರಲ್ಲಿ ಇಂಥ ತಪ್ಪುಗಳಿದ್ದವು. 2020ರಲ್ಲಿ ಹೆಸರಿಡುವ ಸಮಿತಿಯವರು ಸೋತು ವಂಶವಾಹಿಗಳ ಹೆಸರನ್ನೇ ಬದಲಿಸಿದರು. ಅದೇ ವರ್ಷ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯಲ್ಲಿ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವಿನ 15,841 ಕೋವಿಡ್ ಪ್ರಕರಣಗಳು ಹೊತ್ತಿಗೆ ಸರಿಯಾಗಿ ಲೆಕ್ಕಕ್ಕೆ ಸಿಗಲಿಲ್ಲ. ಪ್ರಯೋಗಾಲಯಗಳಿಂದ ಮಾಹಿತಿ ಸಿಎಸ್‌ವಿಯಲ್ಲೇ ಬಂದಿತ್ತು. ಅದನ್ನು 65,536 ಸಾಲುಗಳಿಗಿಂತ ಹೆಚ್ಚು ಹಿಡಿಯದ ಹಳೆಯ ಎಕ್ಸೆಲ್ ರೂಪಕ್ಕೆ ಸುರಿದಾಗ ಉಳಿದದ್ದು ಹೊರಗೆ ಚೆಲ್ಲಿಹೋಯಿತು. ದುಡ್ಡೂ ಜನವೂ ಇದ್ದವರ ಸ್ಥಿತಿಯೇ ಇದಾದರೆ, ಪೆನ್‌ಡ್ರೈವ್ ಹಿಡಿದು ಊರೂರು ತಿರುಗುವ ನಮ್ಮ ಜಾನಪದ ವಿದ್ಯಾರ್ಥಿಯ ಪಾಡೇನು?

ಹಾಗಾದರೆ ಏನು ಮಾಡಬೇಕು? ಸಿಎಸ್‌ವಿ ಎಂದರೆ ಬರಿಯ ಅಕ್ಷರಗಳ ಫೈಲು. ಒಂದು ನಮೂದಿಗೆ ಒಂದು ಸಾಲು, ಒಂದು ವಿವರಕ್ಕೂ ಮುಂದಿನದಕ್ಕೂ ನಡುವೆ ಒಂದು ಅಲ್ಪವಿರಾಮ. ಯಾವ ಕಂಪ್ಯೂಟರಿನಲ್ಲಾದರೂ, ಯಾವ ಕಂಪನಿಯ ಹಂಗೂ ಇಲ್ಲದೆ ತೆರೆಯುತ್ತದೆ. ಇಪ್ಪತ್ತು ವರ್ಷದ ಹಿಂದೆ ಆಸ್ಕಿ ಫಾಂಟುಗಳಲ್ಲಿ ಟೈಪಿಸಿದ ಕನ್ನಡ ಪುಸ್ತಕಗಳನ್ನು ಇಂದು ಅದೇ ಫಾಂಟಿಲ್ಲದೆ ಓದಲಾಗದೆ ಒದ್ದಾಡುತ್ತಿರುವವರಿಗೆ ಈ ಮಾತಿನ ಬೆಲೆ ಗೊತ್ತು.

ಆದರೆ ಈ ಸರಳತೆಯನ್ನು ನೆಚ್ಚಿ ಕೈಯಾರೆ ಕಾಮಾ ಹಾಕಲು ಹೋಗಬಾರದು. ನಾನು ಮೊದಲು ಮಾಡಿದ ಪೈಥಾನ್ ಪ್ರಯೋಗ ಹಾಗೇ ಇತ್ತು: ಪದ, ಅರ್ಥ, ಊರು ಮೂರನ್ನೂ ನಡುವೆ ಕಾಮಾ ಇಟ್ಟು ಜೋಡಿಸಿ ಬರೆದೆ. 'ಕೊಟ್ಟೆ'ಗೆ ನನ್ನ ಅರ್ಥ "ಮಳೆಯಿಂದ, ಕೊಳೆಯಿಂದ ಕೊನೆಯನ್ನು ಕಾಯುವ ಹೊದಿಕೆ" ಎಂದಿತ್ತು. ನಡುವಿನ ಅಲ್ಪವಿರಾಮದಲ್ಲಿ ಅರ್ಥ ಎರಡು ಹೋಳಾಯಿತು, ಎರಡನೇ ಹೋಳು ಊರಿನ ಕಂಬಸಾಲಿಗೆ ಹೋಗಿ ಕೂತಿತು, ಊರು ಬೀದಿಗೆ ಬಿತ್ತು. ಅರ್ಥ ಬರೆಯುವವರಲ್ಲಿ ಅಲ್ಪವಿರಾಮವಿಲ್ಲದೆ ಬರೆಯುವವರು ಯಾರಿದ್ದಾರೆ?

ಪೈಥಾನಿನಲ್ಲಿ ಇದಕ್ಕೆಂದೇ 2003ರಿಂದ ಸಿಎಸ್‌ವಿ ಎಂಬ ಮಾಡ್ಯೂಲ್ ಇದೆ. ಬೇರೇನೂ ಇಳಿಸಿಕೊಳ್ಳಬೇಕಿಲ್ಲ, ಪೈಥಾನಿನ ಜೊತೆಗೇ ಬರುತ್ತದೆ. ಅದರ 'ರೈಟರ್'ಗೆ ಸಾಲು ಕೊಟ್ಟರೆ, ಒಳಗೆ ಅಲ್ಪವಿರಾಮವಿದ್ದ ವಿವರವನ್ನು ತಾನೇ ಉದ್ಧರಣ ಚಿಹ್ನೆಯೊಳಗೆ ಇಡುತ್ತದೆ. ವಿವರದೊಳಗೇ ಉದ್ಧರಣ ಚಿಹ್ನೆಯಿದ್ದರೆ ಅದನ್ನು ಎರಡು ಸಲ ಬರೆದು ಕಾಪಾಡುತ್ತದೆ. ಮೂರು ಸಾಲಿನ ತ್ರಿಪದಿಯನ್ನೋ ಗಾದೆಯನ್ನೋ ಸಾಲು ಮುರಿದೇ ಕೊಟ್ಟರೂ ಒಂದೇ ವಿವರವಾಗಿ ಉಳಿಸುತ್ತದೆ. 'ಡಿಕ್ಟ್‌ರೈಟರ್' ಬಳಸಿದರೆ ಪದ, ಅರ್ಥ, ಬಳಕೆ, ಊರು, ದಿನ ಎಂದು ಕಂಬಸಾಲುಗಳಿಗೆ ಕನ್ನಡದಲ್ಲೇ ಹೆಸರಿಡಬಹುದು. ಯಾವ ವಿವರ ಎಲ್ಲಿಗೆ ಹೋಗಬೇಕೆಂಬುದು ಹೆಸರಿನಿಂದ ತೀರ್ಮಾನವಾಗುತ್ತದೆ, ನಿಂತ ಜಾಗದಿಂದಲ್ಲ.

ಫೈಲು ತೆರೆಯುವಾಗ ಮೂರು ಎಚ್ಚರ ಸಾಕು. ಒಂದು, 'ಎನ್‌ಕೋಡಿಂಗ್' ಯುಟಿಎಫ್-8 ಎಂದು ಬಾಯಿ ಬಿಟ್ಟು ಹೇಳುವುದು. ಹೇಳದಿದ್ದರೆ ವಿಂಡೋಸಿನಲ್ಲಿ ಅದು ಹಳೆಯ ಕ್ರಮವನ್ನೇ ಹಿಡಿಯಬಹುದು. ಆದರೆ ಪೈಥಾನ್ ಕನ್ನಡ ಬರೆಯಲಾಗದೆ ಇದ್ದಾಗ ಸುಮ್ಮನೆ ಪ್ರಶ್ನಾರ್ಥಕ ಇಡುವುದಿಲ್ಲ, ದೋಷ ಎಂದು ಕೂಗಿ ನಿಲ್ಲುತ್ತದೆ. ಆ ಕೂಗು ನನಗೆ 2017ರಲ್ಲಿ ಕೇಳಿಸಿದ್ದರೆ ಈ ಲೇಖನ ಬರೆಯುವ ಪ್ರಮೇಯವಿರುತ್ತಿರಲಿಲ್ಲ. ಎರಡು, 'ನ್ಯೂಲೈನ್' ಎಂಬಲ್ಲಿ ಖಾಲಿ ಉದ್ಧರಣ ಕೊಡುವುದು. ಕೊಡದಿದ್ದರೆ ವಿಂಡೋಸಿನಲ್ಲಿ ಪ್ರತಿ ಸಾಲಿನ ನಡುವೆ ಒಂದು ಖಾಲಿ ಸಾಲು ಬಂದು ಕೂರುತ್ತದೆ. ಮೂರು, ಯಾವ ರೀತಿಯಲ್ಲಿ ತೆರೆಯುತ್ತಿದ್ದೇವೆ ಎಂಬುದು. 'ಡಬ್ಲ್ಯೂ' ಎಂದರೆ ಇದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ಬರೆ ಎಂದರ್ಥ, ಕೇಳದೆ ಅಳಿಸುತ್ತದೆ. 'ಎ' ಎಂದರೆ ಕೊನೆಗೆ ಸೇರಿಸು. 'ಎಕ್ಸ್' ಎಂದರೆ ಈ ಹೆಸರಿನ ಫೈಲು ಮೊದಲೇ ಇದ್ದರೆ ಬರೆಯಬೇಡ. ಹೊಸಬರು 'ಎಕ್ಸ್' ಇಂದ ಶುರು ಮಾಡಲಿ ಎಂಬುದು ನನ್ನ ಸಲಹೆ.

ಇನ್ನೊಂದು ಮಾತು. ಹೀಗೆ ಬರೆದ ಫೈಲನ್ನು ಸ್ಪ್ರೆಡ್‌ಶೀಟಿನಲ್ಲಿ ನೋಡಲೇಬೇಕೆಂದಿದ್ದರೆ 'ಯುಟಿಎಫ್-8-ಸಿಗ್' ಎಂದು ಬರೆಯಬಹುದು. ಫೈಲಿನ ಮೊದಲಲ್ಲಿ ಕಣ್ಣಿಗೆ ಕಾಣದ ಗುರುತೊಂದು ಕೂರುತ್ತದೆ, ಅದನ್ನು ನೋಡಿ ಸ್ಪ್ರೆಡ್‌ಶೀಟ್ ಕನ್ನಡವನ್ನು ಸರಿಯಾಗಿ ತೋರಿಸುತ್ತದೆ. ಮರಳಿ ಪೈಥಾನಿಗೆ ಓದಿಸುವಾಗಲೂ ಅದೇ ಹೆಸರು ಹೇಳಬೇಕು. ಮರೆತರೆ ಆ ಕಾಣದ ಗುರುತು ಮೊದಲ ಕಂಬಸಾಲಿನ ಹೆಸರಿಗೆ ಅಂಟಿಕೊಂಡು, ಕಣ್ಣೆದುರೇ 'ಪದ' ಎಂದಿದ್ದರೂ 'ಪದ ಎಂಬುದಿಲ್ಲ' ಎನ್ನುತ್ತದೆ.

ಸಿಎಸ್‌ವಿಗೆ ನನ್ನದು ಕುರುಡು ವಕಾಲತ್ತಲ್ಲ. ತಾನು ಯಾವ ಅಕ್ಷರಕ್ರಮದಲ್ಲಿದ್ದೇನೆಂದು ಅದು ತಾನೇ ಹೇಳುವುದಿಲ್ಲ. 12 ಎಂಬುದು ಸಂಖ್ಯೆಯೋ ಅಕ್ಷರವೋ ಎಂದೂ ಹೇಳುವುದಿಲ್ಲ. ಎಪ್ಪತ್ತರ ದಶಕದಿಂದ ಬಳಕೆಯಲ್ಲಿದ್ದರೂ ಅದರ ನಿಯಮಗಳನ್ನು ಆರ್‌ಎಫ್‌ಸಿ 4180 ಎಂದು ಒಂದೆಡೆ ಬರೆದಿಟ್ಟದ್ದು 2005ರಲ್ಲಿ. ಕನ್ನಡದ್ದೇ ತೊಡಕುಗಳೂ ಇವೆ. 'ಕೊ' ಎಂಬುದರ ಒತ್ವವನ್ನು ಒಂದೇ ಚಿಹ್ನೆಯಾಗಿಯೂ ಎರಡು ಚಿಹ್ನೆ ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ ಪದ. ಅಕಾರಾದಿಯಾಗಿ ಜೋಡಿಸು ಎಂದರೆ ಪೈಥಾನ್ ಯೂನಿಕೋಡಿನ ಸಂಖ್ಯೆ ನೋಡಿ ಜೋಡಿಸುತ್ತದೆ. ಅಲ್ಲಿ ಳಕಾರ ಲಕಾರದ ಪಕ್ಕದಲ್ಲಿದೆ. ನಮ್ಮ ವರ್ಣಮಾಲೆಯಲ್ಲಿ ಅದು ಹಕಾರದ ಆಚೆ. ಹಾಗಾಗಿ ನಿಘಂಟಿನಲ್ಲಿ 'ಕವಡೆ'ಯ ನಂತರ ಬರಬೇಕಾದ 'ಕಳಸ' ಮೊದಲೇ ಬಂದು ನಿಲ್ಲುತ್ತದೆ. ಇವುಗಳಿಗೆ ಪರಿಹಾರವಿದೆ. ಆದರೆ ಇದು ತಪ್ಪು ಎಂದು ಗುರುತಿಸಲು ಕನ್ನಡ ಬಲ್ಲವರೇ ಬೇಕು. ಕಂಪ್ಯೂಟರ್ ಹುಡುಗನಿಗೆ ಬಿಟ್ಟರೆ ಅವನು ಳಕಾರದ ಜಾಗವನ್ನು ಹೇಗೆ ತಿಳಿಯುತ್ತಾನೆ?

ಇನ್ನೊಂದು ಆಕ್ಷೇಪವನ್ನು ನಾನು ಗೌರವದಿಂದ ಕೇಳುತ್ತೇನೆ. ಪದವನ್ನು ಕೋಷ್ಟಕದಲ್ಲಿ ಕೂರಿಸಿದರೆ ಅದು ಸಾಯುತ್ತದೆ, ಕೊನೆಗಾರನ ಕೂಗು ಮರದ ಮೇಲೆ ಮಾತ್ರ ಬದುಕಿರುತ್ತದೆ ಎಂಬ ಮಾತು. ನಿಜ. ಹಾಗೆಂದೇ ನೋಟುಬುಕ್ಕೂ ಇರಲಿ, ದನಿಮುದ್ರಣವೂ ಇರಲಿ, ಕೋಷ್ಟಕದಲ್ಲಿ ಬಳಕೆಯ ವಾಕ್ಯಕ್ಕೆ, ಹೇಳಿದವರು ಒಪ್ಪಿದರೆ ಅವರ ಹೆಸರಿಗೆ, ಒಂದೊಂದು ಕಂಬಸಾಲು ಇರಲಿ. ಆದರೆ ಕೋಷ್ಟಕವನ್ನೇ ಹೀಗಳೆಯುವವರು ಒಮ್ಮೆ ತಮ್ಮ ಕಪಾಟು ನೋಡಿಕೊಳ್ಳಲಿ. ಬಿ.ಎಲ್. ರೈಸ್ 1886ರಿಂದ ಹೊರತಂದ ಶಾಸನ ಸಂಪುಟಗಳಲ್ಲಿ ಶಾಸನಗಳು ತಾಲ್ಲೂಕುವಾರು ಕ್ರಮಸಂಖ್ಯೆಯಲ್ಲಿವೆ. ಇಂದಿಗೂ ತಾಲ್ಲೂಕು, ಸಂಖ್ಯೆ ಹೇಳಿಯೇ ನಾವು ಅವನ್ನು ಉಲ್ಲೇಖಿಸುತ್ತೇವೆ. 1907, 1919, 1929ರಲ್ಲಿ ಬಂದ ಆರ್. ನರಸಿಂಹಾಚಾರ್ಯರ ಕವಿಚರಿತೆಯ ಮೂರು ಸಂಪುಟಗಳು ಕವಿ, ಕಾಲ, ಕೃತಿ ಎಂಬ ಶಿಸ್ತಿನಲ್ಲಿ ನಡೆಯುತ್ತವೆ. ಅವರ ಕೈಗೆ ಯಂತ್ರ ಸಿಕ್ಕಿರಲಿಲ್ಲ, ಆದರೆ ಸಾಲು ಮತ್ತು ಕಂಬಸಾಲಿನ ಮರ್ಯಾದೆ ಗೊತ್ತಿತ್ತು. ನಮ್ಮ ಕಾಲದಲ್ಲೇ ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ಪದಕೋಶ 'ಅಲರ್' ಎಂಬ ಹೆಸರಿನಲ್ಲಿ, ಒಂದೂವರೆ ಲಕ್ಷಕ್ಕೂ ಹೆಚ್ಚು ನಮೂದುಗಳೊಂದಿಗೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಮುಕ್ತ ದತ್ತಾಂಶವಾಗಿ ಸಿಗುತ್ತಿದೆ. ಕೋಷ್ಟಕದಲ್ಲಿ ಕೂತದ್ದರಿಂದ ಆ ಪದಗಳು ಸತ್ತಿಲ್ಲ, ಹುಡುಕಿದವರಿಗೆ ಸಿಗುತ್ತಿವೆ.

"ಪಿಡಿಎಫ್ ಮಾಡಿಟ್ಟಿದ್ದೇವಲ್ಲ" ಎನ್ನುವವರಿಗೂ ಒಂದು ಮಾತು. ಪುಟಗಳ ಚಿತ್ರ ತೆಗೆದು ಇಟ್ಟ ಪಿಡಿಎಫ್‌ನಲ್ಲಿ ಒಂದು ಪದ ಹುಡುಕಿ ನೋಡಿ. ಹಳ್ಳಿಯ ಹೆಸರಿನಿಂದ ಬೇರ್ಪಡಿಸಿ ನೋಡಿ. ಎರಡು ತಾಲ್ಲೂಕಿನ ಪಟ್ಟಿಗಳನ್ನು ಒಂದಕ್ಕೊಂದು ಹೋಲಿಸಿ ನೋಡಿ. ಅದು ಗಾಜಿನ ಪೆಟ್ಟಿಗೆ: ನೋಡಬಹುದು, ಮುಟ್ಟಲಾಗದು.

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ಕನ್ನಡ ಎಂ.ಎ. ತರಗತಿಯಲ್ಲಿ ಗ್ರಂಥಸಂಪಾದನೆಯ ಪಾಠದ ಪಕ್ಕದಲ್ಲೇ ನಾಲ್ಕು ಗಂಟೆ ಇದಕ್ಕೆ ಕೊಡಿ. ಯುಟಿಎಫ್-8 ಎಂದರೇನು, ಉದ್ಧರಣ ಚಿಹ್ನೆ ಏಕೆ, 'ಡಬ್ಲ್ಯೂ'ಗೂ 'ಎ'ಗೂ ವ್ಯತ್ಯಾಸವೇನು, ಬರೆದ ಮೇಲೆ ಫೈಲನ್ನು ಮರಳಿ ತೆರೆದು ಓದಿ ತಾಳೆ ನೋಡುವುದು ಹೇಗೆ, ಇಷ್ಟು ಸಾಕು. ಪದಸಂಗ್ರಹದ ಕಿರುಪ್ರಬಂಧದ ಜೊತೆ ಅಚ್ಚಿನ ಪ್ರತಿಯಷ್ಟೇ ಅಲ್ಲ, ಸಿಎಸ್‌ವಿ ಫೈಲನ್ನೂ ಕೇಳಿ. ಕೇಳಿದ ಮೇಲೆ, ದಯವಿಟ್ಟು, ಅದನ್ನು ತೆರೆದು ನೋಡಿ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದವನ ಮಾತಿದು.

ನಾನು ಈಗ ಪಾಠ ಮಾಡುವ ಕಾಲೇಜಿನಲ್ಲಿ ಹೋದ ವರ್ಷ ಹುಡುಗಿಯೊಬ್ಬಳು ತನ್ನ ಅಜ್ಜಿಯಿಂದ ನೇಯ್ಗೆಯ ಪದಗಳನ್ನು ಕೂಡಿಸಿ ತಂದಳು. ಮುನ್ನೂರು ಚಿಲ್ಲರೆ. ಇಬ್ಬರೂ ಕೂತು ಹನ್ನೊಂದು ಸಾಲಿನ ಪ್ರೋಗ್ರಾಮು ಬರೆದೆವು. ಫೈಲನ್ನು ತೆರೆದು ಒಂದೊಂದೇ ಸಾಲನ್ನು ನೋಟುಬುಕ್ಕಿನ ಜೊತೆ ತಾಳೆ ನೋಡಿದಳು. ಒಂದು ಕಡೆ ನಿಲ್ಲಿಸಿ, "ಸರ್, ಇಲ್ಲಿ ಅಜ್ಜಿ ಎರಡು ಅರ್ಥ ಹೇಳಿದ್ರು, ನಡುವೆ ಕಾಮಾ ಇದೆ. ಹೋಗಲ್ವಲ್ಲ?" ಎಂದು ಕೇಳಿದಳು.

ಹೋಗುವುದಿಲ್ಲ ಎಂದೆ. ಆದರೂ ಇನ್ನೊಮ್ಮೆ ತೆರೆದು ನೋಡು ಎಂದೆ.